ಕಿರ್ದಿಯಲ್ಲೊಂದು ತಪ್ಪು ಸಾಲು

ಪುಣೆಗೆ ಬಂದ ಹೊಸದರಲ್ಲಿ ತರಕಾರಿಯವ ‘ಸತ್ತೇಚಾಳೀಸ್’ ಎಂದರೆ ನಾನು ಎಪ್ಪತ್ನಾಲ್ಕು ರೂಪಾಯಿ ಎಣಿಸುತ್ತಿದ್ದೆ. ನಮ್ಮ ‘ನಲವತ್ತೇಳು’ವಿನಲ್ಲಿ ಹತ್ತರ ಸ್ಥಾನ ಮೊದಲು, ಮರಾಠಿಯಲ್ಲಿ ಬಿಡಿ ಸ್ಥಾನ ಮೊದಲು. ಮೊನ್ನೆ ಆಫೀಸಿನಲ್ಲಿ ಇಂಥದೇ ಎಡವಟ್ಟನ್ನು ನಾನೇ ಮಾಡಿಟ್ಟಿದ್ದು ಗೊತ್ತಾಯಿತು.

ಊರಿನ ಅಂಗಡಿಗಳಲ್ಲಿ ಅಂದಂದಿನ ವ್ಯವಹಾರ ಮೊದಲು ಕಿರ್ದಿಗೆ, ಆಮೇಲೆ ಖಾತೆಗೆ. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಕೂಡ ಹಾಗೆಯೇ. ಯಾವ ಫೈಲ್ ಎಲ್ಲಿದೆ ಎಂಬಂಥ ವಿವರಗಳು ಬದಲಾದರೆ ಮೊದಲು ಜರ್ನಲ್‌ನಲ್ಲಿ ಬರೆದು, ಕೊನೆಗೆ ಕಮಿಟ್ ಬ್ಲಾಕ್ ಎಂಬ ಷರಾ ಹಾಕುತ್ತದೆ. ನಡುವೆ ಕರೆಂಟ್ ಹೋದರೆ, ಷರಾ ಬಿದ್ದದ್ದನ್ನು ಮತ್ತೆ ಜಾರಿ ಮಾಡುತ್ತದೆ; ಬೀಳದ್ದನ್ನು ಬಿಟ್ಟುಬಿಡುತ್ತದೆ.

ಇಲ್ಲೊಂದು ತಿರುವು ಇದೆ. ಇಎಕ್ಸ್‌ಟಿ4 ತನ್ನ ಸಂಖ್ಯೆಗಳನ್ನು ಸಣ್ಣ ಬೈಟ್ ಮೊದಲಾಗಿ ಬರೆಯುತ್ತದೆ, ಅದರ ಜರ್ನಲ್ ಮಾತ್ರ ದೊಡ್ಡ ಬೈಟ್ ಮೊದಲಾಗಿ. ಜರ್ನಲ್‌ನಲ್ಲಿ 1 ಎಂದರೆ 00 00 00 01. ತಿರುಗಿಸಿ ಓದಿದರೆ ಅದೇ 1,67,77,216!

ನಮ್ಮ ತಂಡಕ್ಕೆಂದು ನಾನು ಬರೆದ ಕೈಪಿಡಿಯಲ್ಲಿ ‘ಎಲ್ಲ ಸಂಖ್ಯೆಗಳೂ ಸಣ್ಣ ಬೈಟ್ ಮೊದಲು’ ಎಂದಿತ್ತು. ನನ್ನ ಕೋಡ್ ಸರಿಯಾಗಿಯೇ ಇತ್ತು, ಬರಹ ತಪ್ಪಾಗಿತ್ತು. ಅದನ್ನು ನಂಬಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೆಟ್ಟ ಡಿಸ್ಕಿನ ಪ್ರತಿಯನ್ನು ಓದುವ ಪ್ರೋಗ್ರಾಮ್ ಬರೆದಳು. ಅದು ‘ಜರ್ನಲ್ ಖಾಲಿ’ ಎಂದಿತು. ಮೂರು ದಿನ ಹುಡುಕಿ, “ಸರ್, ನನ್ನ ಕೋಡ್‌ನಲ್ಲೇ ಏನೋ ತಪ್ಪಿದೆ, ಸಿಗ್ತಿಲ್ಲ” ಎಂದಳು. ಮರುದಿನ ಗ್ರಾಹಕರಿಗೆ ‘ಏನೂ ಉಳಿದಿಲ್ಲ’ ಎಂದು ಉತ್ತರ ಹೋಗುವುದಿತ್ತು.

ಇಬ್ಬರೂ ಕೂತು ಬೈಟುಗಳನ್ನೇ ನೋಡಿದೆವು. ಕಮಿಟ್ ಬ್ಲಾಕಿನ ತಲೆಯಲ್ಲಿ ಜರ್ನಲ್‌ನ ಗುರುತು ಸಿ0 3ಬಿ 39 98 ಸಾಲಾಗಿ ನಿಂತಿತ್ತು. ಅವಳ ಪ್ರೋಗ್ರಾಮ್ ಅದನ್ನು ಹಿಂದುಮುಂದಾಗಿ ಓದಿ, ‘ಇದಲ್ಲ’ ಎಂದು ದಾಟಿ ಹೋಗುತ್ತಿತ್ತು. ತರಕಾರಿಯವನ ಕಥೆ ಹೇಳಿದೆ. ಮರಾಠಿ ಹುಡುಗಿ, ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಅವಳು ಎಲ್ಲವನ್ನೂ ಅನುಮಾನಿಸಿದ್ದಳು, ಹಿರಿಯರು ಬರೆದ ಸಾಲೊಂದನ್ನು ಬಿಟ್ಟು.

ಸಾಲು ತಿದ್ದಲು ಒಂದು ನಿಮಿಷ ಸಾಕಾಯಿತು. ಕೆಳಗೆ ನಿಜವಾದ ಬೈಟುಗಳನ್ನೂ ಅವುಗಳ ಬೆಲೆಯನ್ನೂ ಉದಾಹರಣೆಯಾಗಿ ಸೇರಿಸಿದೆ. ಇನ್ನು ಮುಂದೆ ಯಾರೂ ನನ್ನ ಮಾತನ್ನೇ ನಂಬಬೇಕಿಲ್ಲ, ಕಣ್ಣಾರೆ ತಾಳೆ ನೋಡಬಹುದು. ಹಳೆಯ ಪ್ರತಿ ಇಟ್ಟುಕೊಂಡವರಿಗೆಲ್ಲ ‘ತಪ್ಪು ನನ್ನದು’ ಎಂದು ಬರೆದು ಕಳಿಸಲು ಇಡೀ ಸಂಜೆ ಹಿಡಿಯಿತು.