ಈರಿ ಕಾಲುವೆಯ ಖರ್ಚು ಯಾರ ತಲೆಗೆ?

ಅಧಿಕಾರ ಬಿಡುವ ಹಿಂದಿನ ದಿನ, 1817ರ ಮಾರ್ಚ್ 3ರಂದು, ಅಮೆರಿಕದ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ ಒಂದು ಮಸೂದೆಗೆ ಸಹಿ ಹಾಕಲು ನಿರಾಕರಿಸಿದರು. ರಸ್ತೆ, ಕಾಲುವೆಗಳಿಗೆ ಕೇಂದ್ರ ಸರ್ಕಾರ ಹಣ ಕೊಡುವ ಮಸೂದೆ ಅದು. ಅಂಥ ಕೆಲಸಗಳಿಂದ ದೇಶಕ್ಕೆ ಒಳಿತಾಗುತ್ತದೆಂದು ಮ್ಯಾಡಿಸನ್ ಕೂಡ ಒಪ್ಪಿದ್ದರು. ಆದರೆ ಸಂವಿಧಾನ ಆ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿಲ್ಲ, ಬೇಕಿದ್ದರೆ ಮೊದಲು ತಿದ್ದುಪಡಿಯಾಗಲಿ ಎಂಬುದು ಅವರ ನಿಲುವು. ಅವರನ್ನು ಪ್ರಗತಿಯ ವಿರೋಧಿ ಎನ್ನುವುದು ಅನ್ಯಾಯ.

ಕೇಂದ್ರ ಕೈಬಿಟ್ಟಿದ್ದರಿಂದ ನ್ಯೂಯಾರ್ಕ್ ರಾಜ್ಯವೇ ಸಾಲಪತ್ರ ಹೊರಡಿಸಿ ಈರಿ ಕಾಲುವೆಯ ಕೆಲಸಕ್ಕಿಳಿಯಿತು. ಡಿವಿಟ್ ಕ್ಲಿಂಟನ್ ಇದರ ಬೆನ್ನಿಗೆ ನಿಂತ ನಾಯಕ. ಈರಿ ಸರೋವರದಿಂದ ಹಡ್ಸನ್ ನದಿಗೆ 363 ಮೈಲಿ. 40 ಅಡಿ ಅಗಲ, ಆಳ ಬರೀ 4 ಅಡಿ. ಎರಡು ತುದಿಗಳ ಮಟ್ಟದಲ್ಲಿ 500 ಅಡಿಗೂ ಹೆಚ್ಚು ವ್ಯತ್ಯಾಸ. ಅದನ್ನು ದಾಟಿಸಿದ್ದು 83 ಲಾಕ್‌ಗಳು. ದೋಣಿ ಒಂದು ಕಲ್ಲಿನ ತೊಟ್ಟಿಯೊಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮೇಲಿನಿಂದ ನೀರು ಬಿಡುತ್ತಾರೆ. ನೀರಿನ ಜೊತೆ ದೋಣಿಯೂ ಏರುತ್ತದೆ, ಆಗ ಮುಂದಿನ ಬಾಗಿಲು ತೆರೆಯುತ್ತದೆ. ಇಳಿಯುವಾಗ ಇದೇ ಕ್ರಮ ತಿರುವುಮುರುವು. ದಡದ ಮೇಲೆ ನಡೆಯುವ ಕುದುರೆ, ಹೇಸರಗತ್ತೆಗಳು ದೋಣಿಯನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದವು. ಮುಖ್ಯ ಎಂಜಿನಿಯರುಗಳಾದ ಬೆಂಜಮಿನ್ ರೈಟ್ ಮತ್ತು ಜೇಮ್ಸ್ ಗೆಡಿಸ್ ಮೂಲತಃ ಭೂಮಾಪಕರು. ಇಷ್ಟು ದೊಡ್ಡ ಕಾಲುವೆಯ ವಿದ್ಯೆಯನ್ನು ಅವರು ಅಗೆಯುತ್ತಲೇ ಕಲಿತರು. ಅದನ್ನು ನೆನೆದರೆ ನನಗೆ ಈಗಲೂ ಮೈ ಪುಳಕಗೊಳ್ಳುತ್ತದೆ.

1825ರಲ್ಲಿ ಕಾಲುವೆ ಮುಗಿಯಿತು. ಬಫಲೋದಿಂದ ನ್ಯೂಯಾರ್ಕಿಗೆ ಒಂದು ಟನ್ ಸರಕು ಸಾಗಿಸಲು ಸುಮಾರು 100 ಡಾಲರ್ ಬೀಳುತ್ತಿದ್ದದ್ದು 10ರ ಆಸುಪಾಸಿಗೆ ಇಳಿಯಿತು. ಸುಮಾರು 70 ಲಕ್ಷ ಡಾಲರಿನ ಖರ್ಚು ಸುಂಕದಿಂದಲೇ ಹುಟ್ಟಿತು.

ಆದರೆ ಸುಂಕದ ಲೆಕ್ಕದಲ್ಲಿ ಕಾಣದ ಬೆಲೆಯೂ ಒಂದಿತ್ತು. ಕಾಲುವೆ ಹಾದ ಸೀಮೆ ಇರೋಕ್ವಾ ಎಂಬ ಮೂಲನಿವಾಸಿ ಜನರದ್ದು. ಅವರ ನೆಲ ಅದಾಗಲೇ ಕೈತಪ್ಪುತ್ತಿತ್ತು; ವಲಸಿಗರು ತುಂಬಿಕೊಂಡಂತೆ ಒತ್ತಡ ಇನ್ನೂ ಬಿಗಿಯಾಯಿತು. 1820ರ ದಶಕದಲ್ಲಿ ಅವರಲ್ಲೇ ಒಂದಾದ ಒನೈಡಾ ಬುಡಕಟ್ಟಿನ ಅನೇಕ ಕುಟುಂಬಗಳು ವಿಸ್ಕಾನ್ಸಿನ್ ಕಡೆಗೆ ಹೊರಟುಹೋದವು.

ನ್ಯೂಯಾರ್ಕಿನ ಲಾಭ ಕಂಡ ನೆರೆಯ ಪೆನ್ಸಿಲ್ವೇನಿಯಾ ಕಾಲುವೆಗಾಗಿ ತಾನೂ ಸಾಲ ಎತ್ತಿತು. ನ್ಯೂಯಾರ್ಕಿಗೆ ಬೆಟ್ಟಸಾಲಿನ ನಡುವೆ ಮೊಹಾಕ್ ಕಣಿವೆಯ ದಾರಿಯಿತ್ತು. ಪೆನ್ಸಿಲ್ವೇನಿಯಾಕ್ಕೆ ಅಂಥ ದಾರಿಯಿರಲಿಲ್ಲ. ಅಲ್ಲಿ ಬೆಟ್ಟದ ಇಳಿಜಾರಿನಲ್ಲಿ ಹಳಿ ಹಾಕಿ, ಉಗಿಯಂತ್ರದ ಹಗ್ಗದಿಂದ ಬಂಡಿಗಳನ್ನು ಎಳೆಯಬೇಕಾಯಿತು. ಸಾಲ ಬೆಳೆಯಿತು, ಸುಂಕ ಸಾಲಲಿಲ್ಲ. 1842ರಲ್ಲಿ ಆ ರಾಜ್ಯ ಬಡ್ಡಿ ಕಟ್ಟಲಾಗದೆ ಕೈಚೆಲ್ಲಿತು.