ಹತ್ತು ದಿನ ಅವಳನ್ನು ಕಳಿಸಿಕೊಡಿ

"ಮದುವೆಯಾಯ್ತು, ಮಗುವಾಯ್ತು, ಎಂ.ಎ. ಕೂಡ ಆಯ್ತು. ಇನ್ನೂ ಎಂಥದು ಕ್ಲಾಸು?"

ಪಿಎಚ್.ಡಿ. ಮಾಡುತ್ತಿರುವ ನನ್ನ ವಾರಗಿತ್ತಿ ಹತ್ತು ದಿನಗಳ ಸಂಶೋಧನಾ ಕಾರ್ಯಾಗಾರಕ್ಕೆ ಹೋಗುತ್ತೇನೆ ಎಂದಾಗ ಹೀಗೆ ಕೇಳಿದ್ದು ಅತ್ತೆಯಲ್ಲ, ನಾನೇ! ಮೂರು ವರ್ಷದ ಮಗುವನ್ನು ನೋಡಿಕೊಳ್ಳುವ ಕೆಲಸ ನನ್ನ ತಲೆಗೇ ಬರುತ್ತದಲ್ಲ ಎಂಬ ಸಿಟ್ಟು. ಬಿ.ಎ.ಗೇ ಓದು ನಿಲ್ಲಿಸಿದ ನನಗೆ ಒಳಗೊಳಗೇ ಸಣ್ಣ ಹೊಟ್ಟೆಕಿಚ್ಚೂ ಇತ್ತು ಅನ್ನಿ.

ಅವಳ ವಿಷಯ ಮನೆಗೆಲಸದ ಹೆಂಗಸರ ಬದುಕು. ಹೋಗುವ ಮೊದಲು ಪ್ರಶ್ನಾವಳಿ ತೋರಿಸಿದ್ದಳು. ಮೊದಲ ಪ್ರಶ್ನೆ, "ಮಾಲೀಕರು ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಅಲ್ಲವೇ?" ನನಗೇನೂ ತಪ್ಪು ಕಾಣಲಿಲ್ಲ. ವಾಪಸ್ ಬಂದವಳೇ ಅದನ್ನು ಹೊಡೆದು ಹಾಕಿದಳು. "ಅಕ್ಕಾ, ಪ್ರಶ್ನೆಯೊಳಗೇ ಉತ್ತರ ಇಟ್ಟರೆ ಯಾರು ಇಲ್ಲ ಅಂತಾರೆ?" ಈಗಿನ ಪ್ರಶ್ನೆ, "ಹೋದ ತಿಂಗಳು ಎಷ್ಟು ದಿನ ರಜೆ ತಗೊಂಡ್ರಿ? ಅದಕ್ಕೆ ಸಂಬಳ ಹಿಡಿದರಾ?" ನಮ್ಮ ಕೆಲಸದವಳ ಎರಡು ದಿನದ ಸಂಬಳ ಹಿಡಿದದ್ದು ನೆನಪಾಗಿ ನಾನು ಸುಮ್ಮನಾದೆ.

ಇನ್ನೊಂದು ಅಪಾಯವೂ ತಪ್ಪಿತು. ಪುಸ್ತಕಗಳ ಪ್ಯಾರಾಗಳನ್ನು ಲೇಖಕರ ಹೆಸರು ಹಾಕದೆ ಅಧ್ಯಾಯದಲ್ಲಿ ಸೇರಿಸಿದ್ದಳಂತೆ. ನೋಟ್ಸ್ ಬರೆದು ಪಾಸಾದವರಿಗೆ ಅದು ಅಭ್ಯಾಸವೇ ತಾನೆ? ಆದರೆ ಯುಜಿಸಿಯ 2018ರ ನಿಯಮದಂತೆ ಕೃತಿಚೌರ್ಯ ಶೇ 10 ದಾಟಿದರೆ ಪ್ರಬಂಧ ತಿದ್ದಿ ಕೊಡಬೇಕು, ಶೇ 60 ದಾಟಿದರೆ ನೋಂದಣಿಯೇ ರದ್ದು. ಸಂಶೋಧನಾ ನೀತಿಯ 30 ಗಂಟೆಗಳ ಕೋರ್ಸ್ ಪಿಎಚ್.ಡಿ.ಗೆ ಕಡ್ಡಾಯ. ಅವಳು ಓದುವಲ್ಲಿ ಅದು ಹಾಜರಿ ಪುಸ್ತಕದಲ್ಲಷ್ಟೇ ನಡೆಯಿತಂತೆ! ಹೀಗಿರುವಾಗ ಒಳ್ಳೆಯ ಕಾರ್ಯಾಗಾರ ಎಷ್ಟೊಂದು ವರ್ಷಗಳ ಶ್ರಮ ಉಳಿಸುತ್ತದೆ, ಯೋಚಿಸಿ.

2022ರ ನಿಯಮದಲ್ಲಿ ಪಿಎಚ್.ಡಿ.ಗೆ ಆರು ವರ್ಷ, ಮರುನೋಂದಣಿಯಾದರೆ ಮತ್ತೆರಡು, ಮಹಿಳೆಯರಿಗೆ ಅದರ ಮೇಲೂ ಎರಡು ವರ್ಷದ ಅವಕಾಶವಿದೆ. ಹೆರಿಗೆ, ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆಯೂ ಉಂಟು. ನಿಯಮ ಕೊಟ್ಟ ಸಮಯವನ್ನು ಮನೆಯವರೇ ಕೊಡದಿದ್ದರೆ ಹೇಗೆ?

ನಿಮ್ಮ ಮನೆಯಲ್ಲೂ ಸಂಶೋಧನೆ ಮಾಡುವ ಮಗಳೋ ಸೊಸೆಯೋ ಇದ್ದರೆ ಹೀಗೆ ಮಾಡಿ:

* ಸಮಾಜ ವಿಜ್ಞಾನದವರಿಗಾಗಿ ಐಸಿಎಸ್‌ಎಸ್‌ಆರ್ ನೆರವಿನಿಂದ ಹತ್ತು ದಿನಗಳ ಸಂಶೋಧನಾ ವಿಧಾನ ಕೋರ್ಸ್‌ಗಳು ನಡೆಯುತ್ತವೆ. ವಿಭಾಗದಲ್ಲಿ ವಿಚಾರಿಸಲು ನೆನಪಿಸಿ.

* ಸರ್ಟಿಫಿಕೇಟ್ ಆಸೆಗೆ ಸಿಕ್ಕಿದ್ದಕ್ಕೆಲ್ಲ ಹೋಗುವುದು ಬೇಡ. ತನ್ನದೇ ಪ್ರಶ್ನಾವಳಿ, ಅಧ್ಯಾಯವನ್ನು ತಿದ್ದಿಸಿಕೊಳ್ಳಲು ಅವಕಾಶವಿದೆಯೇ, ಉಳಿಯುವ ವ್ಯವಸ್ಥೆ ಹೇಗೆ ಎಂದು ಮೊದಲೇ ಕೇಳಲಿ.

* ಮಗುವಿನ ಜವಾಬ್ದಾರಿ ಹಂಚಿಕೊಳ್ಳಿ. ಪಟ್ಟಿಯಲ್ಲಿ ಗಂಡಸರ ಹೆಸರೂ ಇರಲಿ!

ಅಂದಹಾಗೆ, ಕೆಲಸದವಳಿಗೆ ಆ ಎರಡು ದಿನದ ಸಂಬಳ ಕೊಟ್ಟೆ. ಕಾರ್ಯಾಗಾರಕ್ಕೆ ಹೋದವಳು ವಾರಗಿತ್ತಿ, ಪಾಠ ಕಲಿತವಳು ನಾನೂ ಹೌದು.