ಸ್ವಿಚ್ಚು ಯಾರ ಮಾತು ಕೇಳುತ್ತದೆ?

ಸೊಲ್ಲಾಪುರದ ಚಾದರವನ್ನು ಬಲ್ಲ ನಮ್ಮ ವಾಚಕರಿಗೆ ಜಕಾರ್ಡ್ ಮಗ್ಗದ ಪರಿಚಯ ಹೇಳಬೇಕಾಗಿಲ್ಲ. ಮಗ್ಗ ಅದೇ, ನೂಲೂ ಅದೇ. ಮೇಲೆ ಪೋಣಿಸಿದ ತೂತಿನ ಪಟ್ಟಿಗಳು ಬದಲಾದರೆ ನವಿಲಿನ ಸ್ಥಳದಲ್ಲಿ ಹೂಬಳ್ಳಿ ಮೂಡುತ್ತದೆ. ಇಂದು ಅಂಗಡಿಗಳಲ್ಲಿ ದೊರೆಯುವ ಸ್ಮಾರ್ಟ್ ಸ್ವಿಚ್ಚು, ಪ್ಲಗ್ಗುಗಳ ಒಡಲಲ್ಲಿಯೂ ಇಂಥದೇ ಒಂದು ಪಟ್ಟಿಯುಂಟು. ಅದಕ್ಕೆ ಫರ್ಮ್‌ವೇರ್ ಎಂದು ಹೆಸರು. ಅದನ್ನು ಬದಲಿಸುವ ಅಧಿಕಾರ ಕೊಂಡವರಿಗೂ ಉಂಟೋ, ಮಾರಿದವರಿಗೆ ಮಾತ್ರವೋ ಎಂಬುದೇ ಪ್ರಶ್ನೆ.

ಮಕ್ಕಳು ಪುಣೆಯಲ್ಲಿ, ವೃದ್ಧ ತಂದೆತಾಯಿಗಳು ಅಕ್ಕಲಕೋಟೆಯಲ್ಲಿ: ನಮ್ಮ ಎಷ್ಟೋ ಕುಟುಂಬಗಳ ಸ್ಥಿತಿ ಇದು. ನಳಕ್ಕೆ ನೀರು ಬಂದಾಗ ಮೆಟ್ಟಿಲಿಳಿಯದೆ ಮೋಟರು ಹಾಕುವ ಅನುಕೂಲವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಅನೇಕ ಸ್ವಿಚ್ಚುಗಳಲ್ಲಿ, ಮನೆಯೊಳಗೇ ಕುಳಿತು ಫೋನಿನಿಂದ ಕೊಟ್ಟ ಆಜ್ಞೆಯೂ ದೂರದ ಕಂಪನಿಯ ಸರ್ವರಿಗೆ ಹೋಗಿ ಮರಳಿ ಬರಬೇಕು. ಇಂಟರ್ನೆಟ್ ನಿಂತರೆ ಆಜ್ಞೆಯೂ ನಿಂತಿತು. ಕಂಪನಿಯೇ ನಿಂತರೆ? 2022ರ ಏಪ್ರಿಲಿನಲ್ಲಿ ಅಮೆರಿಕದ ಇನ್ಸ್ಟಿಯಾನ್ ಕಂಪನಿಯ ಸರ್ವರುಗಳು ಮುನ್ಸೂಚನೆಯಿಲ್ಲದೆ ಮೌನವಾದವು. ಕೆಲವು ಬಳಕೆದಾರರು ಕೂಡಿ ಆ ಕಂಪನಿಯನ್ನೇ ಕೊಂಡು ಮತ್ತೆ ನಡೆಸಿದರು! ಅಂಥ ಭಾಗ್ಯ ಎಲ್ಲರಿಗೂ ಒದಗಲಾರದು.

ಪರಿಹಾರವಾಗಿ ಟಾಸ್ಮೋಟಾ, ಇಎಸ್‌ಪಿ‌ಹೋಮ್ ಮೊದಲಾದ ಮುಕ್ತ ಫರ್ಮ್‌ವೇರ್‌ಗಳಿವೆ. ಬೆಲೆಯಿಲ್ಲ, ಒಳಗಿನ ಬರಹವನ್ನು ಬಲ್ಲವರು ಯಾರೂ ಓದಿ ನೋಡಬಹುದು, ಆಜ್ಞೆ ಮನೆಯ ವೈಫೈಯಲ್ಲಿಯೇ ಉಳಿಯುತ್ತದೆ. ಪುಣೆಯಿಂದಲೂ ನಡೆಸಬೇಕೆಂದರೆ ಮನೆಯಲ್ಲೊಂದು ಚಿಕ್ಕ ಕಂಪ್ಯೂಟರಿನಲ್ಲಿ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶವಿಟ್ಟು, ಹೊರಗಿನಿಂದ ಸುರಕ್ಷಿತ ದಾರಿಯನ್ನು ಬೇರೆಯಾಗಿ ಏರ್ಪಡಿಸಬೇಕಾಗುತ್ತದೆ.

ಕಷ್ಟವಿರುವುದು ತಕ್ಕ ಉಪಕರಣವನ್ನು ಹುಡುಕುವುದರಲ್ಲಿ. ಇವು ಹೆಚ್ಚಾಗಿ ಶಾಂಘೈಯ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಅಥವಾ ಇಎಸ್‌ಪಿ32 ಚಿಪ್ಪುಗಳ ಮೇಲೆ ನಡೆಯುತ್ತವೆ. ಮೊದಲು ಅಗ್ಗದ ಪ್ಲಗ್ಗುಗಳಲ್ಲಿಯೂ ಇವೇ ಇರುತ್ತಿದ್ದವು. ಬರಬರುತ್ತ ತಯಾರಕರು ಬೇರೆ ಚಿಪ್ಪು ಹಾಕತೊಡಗಿದರು. ಡಬ್ಬಿ ಅದೇ, ಹೆಸರೂ ಅದೇ, ಒಳಗಿನ ಜೀವ ಬೇರೆ! ಬೆಕೆನ್ ಚಿಪ್ಪಿನವಕ್ಕೆ ಓಪನ್‌ಬೆಕೆನ್ ಎಂಬ ಇನ್ನೊಂದು ಮುಕ್ತ ಫರ್ಮ್‌ವೇರ್ ಇದೆ. ಆದರೂ ಡಬ್ಬಿ ನೋಡಿ ಚಿಪ್ಪು ತಿಳಿಯದು. ಆದುದರಿಂದ ಟಾಸ್ಮೋಟಾ ಬಳಗದವರು ಪ್ರಕಟಿಸಿರುವ ಉಪಕರಣಗಳ ಪಟ್ಟಿಯನ್ನು ನೋಡಿ, ಒಂದನ್ನೇ ತಂದು ಪರೀಕ್ಷಿಸಿ, ಬಳಿಕ ಉಳಿದವನ್ನು ಕೊಳ್ಳುವುದು ಜಾಣತನ. ಮುಕ್ತ ಫರ್ಮ್‌ವೇರ್ ತುಂಬಿಸಿಯೇ ಮಾರುವವರಿಂದ ಕೊಂಡರೆ ಇನ್ನೂ ಲೇಸು. ಬಲ್ಗೇರಿಯದ ಶೆಲ್ಲಿ ಸ್ವಿಚ್ಚುಗಳಂತೂ ತಮ್ಮ ಮೂಲ ಫರ್ಮ್‌ವೇರಿನಲ್ಲಿಯೇ ಹೊರಗಿನ ಸರ್ವರಿಲ್ಲದೆ ನಡೆಯಬಲ್ಲವು. ಫರ್ಮ್‌ವೇರ್ ಬದಲಿಸುವ ಗೊಡವೆ ಬೇಡವೆನ್ನುವವರಿಗೆ ಅಷ್ಟೇ ಸಾಕೆಂದು ನಮ್ಮ ಅಭಿಪ್ರಾಯ.

ಉಪಕರಣವನ್ನು ಬಿಚ್ಚಿ ತಂತಿ ಜೋಡಿಸಿ ಫರ್ಮ್‌ವೇರ್ ತುಂಬುವ ಸಾಹಸಿಗಳಿಗೆ ಒಂದು ಮಾತು. ಆ ಚಿಪ್ಪಿಗೆ ಬೇಕಾದದ್ದು 3.3 ವೋಲ್ಟ್, ಗೋಡೆಯಲ್ಲಿರುವುದು 230. ಗೋಡೆಯ ವಿದ್ಯುತ್ತಿಗೆ ಜೋಡಿಸಿದ ಸ್ಥಿತಿಯಲ್ಲಿ ಒಳಭಾಗವನ್ನು ಎಂದೂ ಮುಟ್ಟಕೂಡದು. ಬಿಚ್ಚಿದ ಮೇಲೆ ವಾರಂಟಿಯ ಆಸೆಯನ್ನೂ ಬಿಡಬೇಕು. ಇನ್ನು ನೀರಿನ ಮೋಟರು ಹೊರಡುವಾಗ ತನ್ನ ಸಾಮಾನ್ಯ ಪ್ರವಾಹದ ಹಲವು ಪಟ್ಟು ಎಳೆಯುತ್ತದೆ. 10 ಆಂಪಿಯರಿನ ಪ್ಲಗ್ಗನ್ನು ನೇರವಾಗಿ ನಂಬದೆ, ಎಲೆಕ್ಟ್ರಿಶಿಯನ್ನರಿಂದ ನಡುವೆ ಕಾಂಟ್ಯಾಕ್ಟರ್ ಹಾಕಿಸತಕ್ಕದ್ದು. ಹಳೆಯ ಕೈಸ್ವಿಚ್ಚನ್ನೂ ತೆಗೆಸಬೇಡಿರಿ.